ಕಡಲಿಗೆ ಮುಖಮಾಡಿದ ಹಳೆಯ ಅಪಾರ್ಟ್‌ಮೆಂಟಿಗೂ ಪಾರಂಪರಿಕ ಮೌಲ್ಯವಿದೆಯೇ?

ಕಳೆದ ಶತಮಾನದ ನಡುವಿನ ದಶಕಗಳಲ್ಲಿ ಸಮುದ್ರದ ದಂಡೆಯಲ್ಲಿ ಎದ್ದ ವಸತಿ ಕಟ್ಟಡಗಳನ್ನು ಕುರಿತು ಓದುಗರು ಬರೆದ ಪತ್ರಗಳು ಒಂದರ ಹಿಂದೊಂದು ಬಂದಿವೆ. ಅವುಗಳಲ್ಲಿ ಆರನ್ನು ಆರಿಸಿಕೊಂಡು, ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾವಿರುವ ಕಟ್ಟಡ 1956ರಲ್ಲಿ ಕಟ್ಟಿದ್ದು. ಸಮುದ್ರಕ್ಕೆ ಎದುರಾಗಿ ನಾಲ್ಕು ಅಂತಸ್ತು, ಹದಿನಾರು ಮನೆಗಳು. ಕೆತ್ತನೆಯಿಲ್ಲ, ಗೋಪುರವಿಲ್ಲ, ಹೆಸರಾಂತ ವ್ಯಕ್ತಿಗಳಾರೂ ಇಲ್ಲಿ ಬಾಳಿದವರಲ್ಲ. ಇದನ್ನು ಉಳಿಸಿಕೊಳ್ಳಬೇಕೆಂದು ನಿವಾಸಿಗಳ ಸಭೆಯಲ್ಲಿ ಹೇಳಿದಾಗ, ‘ಇದೇನು ಅರಮನೆಯೇ?’ ಎಂದು ನೆರೆಯವರು ಕೇಳಿದರು. ಇಂಥ ಕಟ್ಟಡಕ್ಕೆ ಪಾರಂಪರಿಕ ಮೌಲ್ಯವೆಂಬುದು ನಿಜವಾಗಿಯೂ ಇರುತ್ತದೆಯೇ?

ಉತ್ತರ: ಇರಬಹುದು. ಆದರೆ ಅದನ್ನು ಕಾಣಬೇಕಾದರೆ ಅರಮನೆಯಲ್ಲಿ ಹುಡುಕುವುದನ್ನು ಇಲ್ಲಿ ಹುಡುಕಬಾರದು.

ಮೊದಲು ವಯಸ್ಸಿನ ಮಾತನ್ನು ಮುಗಿಸಿಬಿಡೋಣ. ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಲು ಕಟ್ಟಡಕ್ಕೆ ಸಾಮಾನ್ಯವಾಗಿ 50 ವರ್ಷ ತುಂಬಿರಬೇಕೆಂಬ ಕಟ್ಟಳೆಯಿದೆ. ಇಂಗ್ಲೆಂಡಿನಲ್ಲಿ 30 ವರ್ಷ ಸಾಕು, ಅಸಾಧಾರಣ ಕಟ್ಟಡವಾದರೆ ಅದಕ್ಕೂ ಮೊದಲೇ ಸೇರಿಸಬಹುದು. ಆಧುನಿಕ ವಾಸ್ತುಶಿಲ್ಪದ ರಕ್ಷಣೆಗೆಂದೇ ಡೊಕೊಮೊಮೊ ಎಂಬ ಅಂತರರಾಷ್ಟ್ರೀಯ ಸಂಸ್ಥೆ 1988ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಹುಟ್ಟಿತು. ಇಸ್ರೇಲಿನ ಟೆಲ್ ಅವೀವ್ ನಗರದಲ್ಲಿ 1930ರ ದಶಕದ ಆರಂಭದಿಂದ 1950ರ ದಶಕದವರೆಗೆ ಎದ್ದ ಬಿಳಿಯ ವಸತಿ ಕಟ್ಟಡಗಳ ಪ್ರದೇಶವನ್ನು ಯುನೆಸ್ಕೊ 2003ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಫ್ರಾನ್ಸಿನ ಮಾರ್ಸೆಯಲ್ಲಿ ವಾಸ್ತುಶಿಲ್ಪಿ ಲ ಕಾರ್ಬುಸಿಯೆ ಕಟ್ಟಿಸಿ 1952ರಲ್ಲಿ ಮುಗಿಸಿದ 337 ಮನೆಗಳ ಬೃಹತ್ ಸಮುಚ್ಚಯಕ್ಕೆ 2016ರಲ್ಲಿ ಅದೇ ಗೌರವ ಸಂದಿತು. ಮುಂಬೈಯ ಮರೀನ್ ಡ್ರೈವ್ ಉದ್ದಕ್ಕೂ ನಿಂತಿರುವ 1920-30ರ ದಶಕಗಳಲ್ಲಿ ಬಳಕೆಗೆ ಬಂದ ಆರ್ಟ್ ಡೆಕೊ ಶೈಲಿಯ ವಸತಿ ಕಟ್ಟಡಗಳಿಗೆ, ಅದೇ ನಗರದ ವಿಕ್ಟೋರಿಯನ್ ಗಾಥಿಕ್ ಕಟ್ಟಡಗಳೊಂದಿಗೆ, 2018ರಲ್ಲಿ ಆ ಮನ್ನಣೆ ಬಂತು. ಈ ಮೂರರಲ್ಲಿ ಒಂದೂ ಅರಮನೆಯಲ್ಲ. ಬಹುಪಾಲು ಮಧ್ಯಮ ವರ್ಗದವರು ಬಾಡಿಗೆ ಕೊಟ್ಟೋ ಕಂತು ಕಟ್ಟಿಯೋ ಸಂಸಾರ ಹೂಡಿದ ಮನೆಗಳು ಅವು.

ಹಾಗಾದರೆ ಅಂಥ ಮನೆಗಳಲ್ಲಿ ಬೆಲೆಯುಳ್ಳದ್ದು ಯಾವುದು? ಆಸ್ಟ್ರೇಲಿಯಾದಲ್ಲಿ 1979ರಲ್ಲಿ ಅಂಗೀಕಾರವಾದ, ಪಾರಂಪರಿಕ ಸ್ಥಳಗಳ ಸಂರಕ್ಷಣೆಯ ಬುರ್ರಾ ಸನ್ನದು ಈ ಪ್ರಶ್ನೆಗೆ ಒಂದು ಬಳಸಬಹುದಾದ ಅಳತೆಗೋಲನ್ನು ಕೊಟ್ಟಿದೆ. ಸ್ಥಳವೊಂದರ ಸೌಂದರ್ಯ, ಚರಿತ್ರೆ, ಅಲ್ಲಿಂದ ಸಿಗಬಹುದಾದ ಜ್ಞಾನ, ಜನರ ಬದುಕಿನೊಡನೆ ಅದಕ್ಕಿರುವ ನಂಟು, ಹಿಂದಿನ, ಇಂದಿನ ಮತ್ತು ಮುಂದಿನ ತಲೆಮಾರುಗಳಿಗೆ ಅದರ ಅರ್ಥ, ಇವೆಲ್ಲವನ್ನೂ ಕೂಡಿಸಿ ತೂಗಬೇಕೆಂಬುದು ಅದರ ತಿರುಳು. ನಿಮ್ಮ ನೆರೆಯವರು ಮೊದಲನೆಯದೊಂದನ್ನೇ ತೂಗಿ, ಉಳಿದವನ್ನು ತಕ್ಕಡಿಗೆ ಹಾಕದೆಯೇ ತೀರ್ಪು ಕೊಟ್ಟಿದ್ದಾರೆ.

ಇಪ್ಪತ್ತನೆಯ ಶತಮಾನದ ನಡುವೆ ಕಡಲ ತಡಿಯಲ್ಲಿ ಬಹುಮಹಡಿ ಮನೆಗಳನ್ನು ಕಟ್ಟಿದ್ದೇ ಒಂದು ದೊಡ್ಡ ಬದಲಾವಣೆ. ಅದಕ್ಕೆ ಮೊದಲು ಹಲವೆಡೆ ಸಮುದ್ರದ ಅಂಚು ಮೀನುಗಾರರದ್ದು, ಬಂದರಿನವರದ್ದು, ಕೋಟೆ ಕಾಯುವವರದ್ದು; ಅನುಕೂಲವಿದ್ದವರು ಉಪ್ಪುಗಾಳಿಯಿಂದ ದೂರ ಒಳನಾಡಿನಲ್ಲಿ ಮನೆ ಮಾಡುತ್ತಿದ್ದರು. ಕಾಂಕ್ರೀಟು, ಲಿಫ್ಟು ಮತ್ತು ನಲ್ಲಿಯ ನೀರು ಒಟ್ಟಿಗೆ ಕೈಗೆಟುಕಿದ ಮೇಲೆ, ಗಾಳಿ ಬೆಳಕುಗಳೇ ಆರೋಗ್ಯವೆಂಬ ನಂಬಿಕೆ ಬಲವಾಗಿ, ಅದೇ ಅಂಚು ವಾಸಕ್ಕೆ ಬೇಕಾದ ಜಾಗವಾಯಿತು. ಕುಲ, ಊರು, ಕಸುಬು ಬೇರೆಬೇರೆಯಾದ ಮನೆತನಗಳು ಒಂದೇ ಮೆಟ್ಟಿಲನ್ನು ಹತ್ತಿಳಿದು, ಒಂದೇ ತಾರಸಿಯಲ್ಲಿ ಬಟ್ಟೆ ಒಣಗಿಸಿ, ಒಂದೇ ನೀರಿನ ತೊಟ್ಟಿಯನ್ನು ಹಂಚಿಕೊಂಡು ಬಾಳುವುದನ್ನು ಕಲಿತದ್ದು ಇಂಥ ಕಟ್ಟಡಗಳಲ್ಲಿ. ನಿಮ್ಮ ಹದಿನಾರು ಮನೆಗಳ ಗೋಡೆಗಳೊಳಗೆ ಆ ಕಲಿಕೆಯ ಗುರುತುಗಳಿವೆ. ನನ್ನ ಮಟ್ಟಿಗೆ ಇಂಥ ಕಟ್ಟಡದ ಮೊದಲ ಮೌಲ್ಯ ಅದರ ಮುಂಭಾಗದ ಅಂದದಲ್ಲಿಲ್ಲ, ಕಡಲಿನೊಡನೆ ಮತ್ತು ನೆರೆಯೊಡನೆ ಅದು ಏರ್ಪಡಿಸಿಕೊಟ್ಟ ಸಂಬಂಧದಲ್ಲಿದೆ.

ಆದ್ದರಿಂದ ಒಂದು ರಜೆಯ ದಿನ ಕಟ್ಟಡವನ್ನು ಹೊಸಬರಂತೆ ಸುತ್ತಿ ನೋಡಿ. ಕೋಣೆಗಳು ಗಾಳಿಯ ದಿಕ್ಕಿಗೆ ಹೇಗೆ ತೆರೆದುಕೊಂಡಿವೆ, ಸಮುದ್ರದ ಕಡೆಯಿಂದ ಬಂದ ಗಾಳಿ ಹಿಂದಿನ ಅಡುಗೆಮನೆಯವರೆಗೆ ತಡೆಯಿಲ್ಲದೆ ಹಾಯುತ್ತದೆಯೇ, ಕಿಟಕಿಗಳ ಮೇಲಿನ ಸಜ್ಜ ಎಷ್ಟು ಮುಂಚಾಚಿದೆ, ಮೂಲೆಗಳು ದುಂಡಾಗಿವೆಯೇ, ಮೆಟ್ಟಿಲಿನ ಕೈಹಿಡಿಕೆ, ಮೊಸಾಯಿಕ್ ನೆಲ, ಬಾಗಿಲ ಮೇಲಿನ ಗಾಳಿಕಿಂಡಿ, ಜಾಲಂಧ್ರ, ಗೋಡೆಯ ಮೇಲೆ ಗಾರೆಯಲ್ಲೇ ಎತ್ತಿದ ಕಟ್ಟಡದ ಹೆಸರಿನ ಅಕ್ಷರಗಳು, ಇವುಗಳಲ್ಲಿ ಮೂಲದ್ದು ಎಷ್ಟು ಉಳಿದಿದೆ, ಎಲ್ಲವನ್ನೂ ಬರೆದುಕೊಳ್ಳಿ. ಅದೇ ಕಾಲದ ಇಂಥ ಕಟ್ಟಡಗಳು ಆ ದಂಡೆಯಲ್ಲಿ ಇನ್ನೆಷ್ಟು ಉಳಿದಿವೆ ಎಂಬುದನ್ನೂ ಎಣಿಸಿ. ಹಳೆಯದೆಲ್ಲವೂ ಪರಂಪರೆಯೆಂದು ನಾನು ಹೇಳಲಾರೆ. ಮೂಲದ ವಿನ್ಯಾಸವೇ ಕಳಪೆಯಾಗಿದ್ದು, ಇದ್ದುದೂ ಗುರುತು ಸಿಗದಷ್ಟು ಬದಲಾಗಿದ್ದರೆ ಅದನ್ನು ಒಪ್ಪಿಕೊಳ್ಳುವುದು ಪ್ರಾಮಾಣಿಕತೆ. ಆದರೆ ನೋಡದೆ, ಅಳೆಯದೆ, ಬರೆಯದೆ ‘ಏನೂ ಇಲ್ಲ’ ಎಂದು ತೀರ್ಮಾನಿಸುವುದು ಸರಿಯಲ್ಲ. ನೀವು ಕಂಡುಕೊಂಡದ್ದನ್ನು ಎರಡು ಪುಟಗಳಲ್ಲಿ ಬರೆದು ಮುಂದಿನ ಸಭೆಯಲ್ಲಿ ಓದಿ ಹೇಳಿ. ರಿಪೇರಿ, ಬಣ್ಣ, ಮಾರಾಟ, ಯಾವುದೇ ಮಾತಿಗೂ ಮೊದಲು ಆ ಎರಡು ಪುಟಗಳು ಎಲ್ಲರ ಮುಂದಿರಬೇಕು.

ಪ್ರಶ್ನೆ: ನಮ್ಮ ಕಟ್ಟಡದ ಬಾಲ್ಕನಿಗಳ ಅಡಿಭಾಗದಿಂದ ಕಾಂಕ್ರೀಟು ಚಕ್ಕೆಚಕ್ಕೆಯಾಗಿ ಉದುರುತ್ತಿದೆ, ತುಕ್ಕು ಹಿಡಿದ ಕಂಬಿಗಳು ಕಾಣುತ್ತಿವೆ. ಮೂರು ಬಾರಿ ಸಿಮೆಂಟು ಮೆತ್ತಿಸಿದರೂ ಪಕ್ಕದಲ್ಲೇ ಮತ್ತೆ ಬಿರುಕು ಬಿಡುತ್ತದೆ. ಸಮುದ್ರದ ಹತ್ತಿರದ ಕಾಂಕ್ರೀಟು ಉಳಿಯುವುದಿಲ್ಲ, ಕೆಡವುವುದೇ ದಾರಿ ಎನ್ನುತ್ತಾರೆ. ನಿಜವೇ?

ಉತ್ತರ: ಕೆಲವು ಕಟ್ಟಡಗಳ ಮಟ್ಟಿಗೆ ನಿಜ, ಎಲ್ಲಕ್ಕೂ ಅಲ್ಲ. ನಿಮ್ಮದು ಯಾವ ಗುಂಪಿಗೆ ಸೇರಿದ್ದೆಂದು ಹೇಳಬಲ್ಲದ್ದು ಪರೀಕ್ಷೆಯೇ ಹೊರತು ಊಹೆಯಲ್ಲ.

ಕಾಂಕ್ರೀಟಿನೊಳಗೆ ಕಂಬಿ ಹೇಗೆ ಉಳಿಯುತ್ತದೆ ಎಂಬುದನ್ನು ತಿಳಿದರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ. ಹೊಸ ಕಾಂಕ್ರೀಟು ಬಲು ಕ್ಷಾರೀಯವಾದದ್ದು. ಕ್ಷಾರವೆಷ್ಟೆಂದು ಹೇಳುವ ಅದರ ಪಿಎಚ್ ಮೌಲ್ಯ 12ಕ್ಕಿಂತ ಹೆಚ್ಚಿರುತ್ತದೆ. ಆ ಕ್ಷಾರದಲ್ಲಿ ಕಂಬಿಯ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ರಕ್ಷಾಪದರವೊಂದು ಮೂಡಿ ತುಕ್ಕನ್ನು ತಡೆಯುತ್ತದೆ. ಈ ಪದರಕ್ಕೆ ಎರಡು ಶತ್ರುಗಳು. ಗಾಳಿಯ ಇಂಗಾಲದ ಡೈಆಕ್ಸೈಡು ವರ್ಷಗಳ ಕಾಲ ನಿಧಾನವಾಗಿ ಒಳಗಿಳಿದು ಪಿಎಚ್ ಮೌಲ್ಯವನ್ನು 9ರ ಆಸುಪಾಸಿಗೆ ಇಳಿಸಿಬಿಡುತ್ತದೆ. ಸಮುದ್ರದ ತುಂತುರಿನಲ್ಲಿ ಬರುವ ಉಪ್ಪಿನ ಕ್ಲೋರೈಡಂತೂ ಕ್ಷಾರ ಇದ್ದಂತೆಯೇ ಇದ್ದರೂ ಪದರವನ್ನು ಅಲ್ಲಲ್ಲಿ ಚುಚ್ಚಿ ಒಡೆಯುತ್ತದೆ. ಆಮೇಲೆ ನೀರು ಮತ್ತು ಆಮ್ಲಜನಕ ಸಿಕ್ಕಿದರೆ ತುಕ್ಕು ಶುರು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಹೊರಗಿನ ಕಾಂಕ್ರೀಟು ಸೀಳಿ ಬೀಳುತ್ತದೆ. ಆ ಕಾಲದ ಕಟ್ಟಡಗಳಿಗೆ ಇನ್ನೂ ಎರಡು ತೊಡಕುಗಳಿವೆ. ಕಂಬಿಯ ಹೊರಗೆ ಉಳಿಸುತ್ತಿದ್ದ ಕಾಂಕ್ರೀಟಿನ ಹೊದಿಕೆ ಹಲವೆಡೆ ತೀರ ತೆಳುವಾಗಿರುತ್ತಿತ್ತು. ಜೊತೆಗೆ, ತೊಳೆಯದ ಸಮುದ್ರದ ಮರಳನ್ನೋ, ಕಾಂಕ್ರೀಟು ಬೇಗ ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಕ್ಲೋರೈಡನ್ನೋ ಬೆರೆಸಿದ್ದರೆ, ಶತ್ರು ಮೊದಲ ದಿನದಿಂದಲೇ ಒಳಗಿದ್ದಂತಾಯಿತು.

ಮೂರು ಬಾರಿ ಮೆತ್ತಿಸಿದರೂ ಪಕ್ಕದಲ್ಲೇ ಬಿರುಕು ಬಿಟ್ಟದ್ದಕ್ಕೆ ಕೆಲಸಗಾರನ ಕೈಯೊಂದೇ ಕಾರಣವಾಗಿರಬೇಕಿಲ್ಲ. ಉಪ್ಪು ತುಂಬಿದ ಕಾಂಕ್ರೀಟಿನ ನಡುವೆ ಶುದ್ಧವಾದ ತೇಪೆಯೊಂದನ್ನು ಹಾಕಿದಾಗ, ತೇಪೆಯೊಳಗಿನ ಕಂಬಿಗೂ ಅದರ ಅಂಚಿನಾಚೆಯ ಕಂಬಿಗೂ ನಡುವೆ ಬ್ಯಾಟರಿಯಲ್ಲಿ ಹರಿಯುವಂಥ ಸಣ್ಣ ವಿದ್ಯುತ್ ಹರಿವು ಏರ್ಪಟ್ಟು, ಅಂಚಿನಾಚೆಯ ಕಂಬಿ ಮೊದಲಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ರೋಗವಿರುವುದು ಉಪ್ಪಿನಲ್ಲಿ, ಬಿದ್ದ ತುಂಡಿನಲ್ಲಿ ಅಲ್ಲ. ಅದನ್ನು ಅಳೆಯದೆ ಮಾಡಿದ ರಿಪೇರಿ ನಿಲ್ಲುವುದು ಕಷ್ಟ.

ಮಾಡಿಸಬೇಕಾದ ಪರೀಕ್ಷೆಗಳು ಅಪರೂಪದವಲ್ಲ. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಫೀನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರೆ ಕ್ಷಾರ ಉಳಿದಿರುವ ಭಾಗ ಕಡು ಗುಲಾಬಿಯಾಗುತ್ತದೆ, ಕ್ಷಾರ ಕಳೆದುಕೊಂಡ ಭಾಗ ಬಣ್ಣ ತಾಳದೆ ಉಳಿಯುತ್ತದೆ. ಬೇರೆಬೇರೆ ಆಳದಿಂದ ಕೊರೆದು ತೆಗೆದ ಪುಡಿಯಲ್ಲಿ ಕ್ಲೋರೈಡಿನ ಪ್ರಮಾಣವನ್ನು ಅಳೆಯಬಹುದು. ಹೊದಿಕೆಯ ದಪ್ಪವನ್ನೂ ಕಂಬಿಯಲ್ಲಿ ತುಕ್ಕು ನಡೆಯುತ್ತಿದೆಯೇ ಎಂಬುದನ್ನೂ ಕಟ್ಟಡವನ್ನು ಹೆಚ್ಚು ಒಡೆಯದೆಯೇ ಉಪಕರಣದಿಂದ ತಿಳಿಯಬಹುದು. ಹಾನಿ ಬಾಲ್ಕನಿ ಮತ್ತು ಸಜ್ಜಗಳಿಗೆ ಸೀಮಿತವಾಗಿದೆಯೋ, ಕಂಬ ತೊಲೆಗಳಿಗೂ ಇಳಿದಿದೆಯೋ ಎಂಬ ಒಂದು ಉತ್ತರದ ಮೇಲೆ ಬಹಳಷ್ಟು ನಿಂತಿದೆ. ಕಂಬ ತೊಲೆಗಳು ಗಟ್ಟಿಯಾಗಿದ್ದರೆ ಕೆಟ್ಟ ಕಾಂಕ್ರೀಟನ್ನು ಕಂಬಿಯ ಹಿಂಬದಿಯವರೆಗೂ ತೆಗೆದು, ಸವೆದ ಕಂಬಿಗೆ ಹೊಸದನ್ನು ಜೋಡಿಸಿ, ಮೂಲದ ಬಣ್ಣಕ್ಕೂ ಜಲ್ಲಿಗೂ ಹೊಂದುವ ಮಿಶ್ರಣದಿಂದ ತುಂಬಬಹುದು. ಉಪ್ಪು ಬಹಳವಾಗಿದ್ದಲ್ಲಿ ಕಂಬಿಗೆ ಸಣ್ಣ ಪ್ರಮಾಣದ ವಿದ್ಯುತ್ ಹಾಯಿಸಿ ತುಕ್ಕನ್ನು ಹತ್ತಿಕ್ಕುವ ಕ್ಯಾಥೋಡಿಕ್ ರಕ್ಷಣೆಯೂ ಇದೆ. ಅದನ್ನು 1973ರಲ್ಲಿ ಕ್ಯಾಲಿಫೋರ್ನಿಯದ ಸೇತುವೆಯೊಂದರ ಮೇಲ್ಮೈಗೆ ಅಳವಡಿಸಿದ ಮೇಲೆ ಕಟ್ಟಡಗಳಿಗೂ ಬಳಸುತ್ತ ಬಂದಿದ್ದಾರೆ.

ಇಂಗ್ಲೆಂಡಿನ ಬ್ರೈಟನ್ ಕಡಲ ತೀರದಲ್ಲಿ ವೆಲ್ಸ್ ಕೋಟ್ಸ್ ವಿನ್ಯಾಸ ಮಾಡಿದ 11 ಅಂತಸ್ತಿನ ಎಂಬಸಿ ಕೋರ್ಟ್ 1930ರ ದಶಕದ ನಡುವೆ ಕಟ್ಟಿದ್ದು. ಅದು ಶತಮಾನದ ಕೊನೆಯ ಹೊತ್ತಿಗೆ ಕಿಟಕಿಗಳು ತುಕ್ಕು ತಿಂದು, ಕಾಂಕ್ರೀಟು ಕಳಚಿ, ನೋಡಿದವರು ಮರುಗುವ ಸ್ಥಿತಿಗೆ ಬಂದಿತ್ತು. ನಿವಾಸಿಗಳು ತಾವೇ ಒಂದು ಕಂಪನಿ ಕಟ್ಟಿಕೊಂಡು ಕಟ್ಟಡದ ಒಡೆತನವನ್ನು ಪಡೆದು, 2000ರ ದಶಕದ ನಡುವೆ ಅದನ್ನು ಜೀರ್ಣೋದ್ಧಾರ ಮಾಡಿಸಿದರು. ಇಂದಿಗೂ ಅಲ್ಲಿ ಜನ ವಾಸವಾಗಿದ್ದಾರೆ.

ಆದರೂ ಇದನ್ನು ಹೇಳದೆ ಮುಂದೆ ಹೋಗಲಾರೆ. ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ 1981ರಲ್ಲಿ ಮುಗಿದಿದ್ದ 12 ಅಂತಸ್ತಿನ ಕಡಲತೀರದ ವಸತಿ ಕಟ್ಟಡದ ಒಂದು ದೊಡ್ಡ ಭಾಗ 2021ರ ಜೂನ್ 24ರ ನಸುಕಿನಲ್ಲಿ ಕುಸಿದು 98 ಮಂದಿ ಸತ್ತರು. ಈಜುಕೊಳದ ಅಂಗಳದ ಕೆಳಗೆ ನೀರು ಇಳಿದು ಕಾಂಕ್ರೀಟು ಹಾಳಾಗಿರುವುದನ್ನು 2018ರಲ್ಲೇ ಎಂಜಿನಿಯರರ ವರದಿಯೊಂದು ಎತ್ತಿ ತೋರಿಸಿತ್ತು. ಪರಂಪರೆಯ ಮೇಲಿನ ಪ್ರೀತಿ ನಮ್ಮಿಂದ ಅಂಥ ವರದಿಯನ್ನು ಕಡತದಲ್ಲಿ ಮುಚ್ಚಿಡಿಸುವಂತೆ ಆಗಕೂಡದು. ಪರೀಕ್ಷೆ ಮುಗಿಯುವವರೆಗೆ ಉದುರುತ್ತಿರುವ ಬಾಲ್ಕನಿಗಳ ಮೇಲೆ ಯಾರೂ ನಿಲ್ಲದಂತೆಯೂ, ಕೆಳಗೆ ಯಾರೂ ಓಡಾಡದಂತೆಯೂ ಇಂದೇ ಏರ್ಪಾಡು ಮಾಡಿ. ಮೌಲ್ಯದ ಚರ್ಚೆ ಒಂದು ತಿಂಗಳು ಕಾಯಬಲ್ಲದು, ಇದು ಕಾಯದು.

ಪ್ರಶ್ನೆ: ನನ್ನ ಮನೆಯ ಬಾಲ್ಕನಿಗೆ ಅಲ್ಯೂಮಿನಿಯಂ ಚೌಕಟ್ಟು ಹಾಕಿ ಗಾಜು ಕೂರಿಸಿದರೆ ಒಂದು ಸಣ್ಣ ಕೋಣೆ ಸಿಗುತ್ತದೆ, ಮಳೆಯ ಎರಚಲೂ ತಪ್ಪುತ್ತದೆ. ಕೆಳಗಿನ ಮನೆಯವರು ಇದರಿಂದ ಕಟ್ಟಡದ ಮೌಲ್ಯ ಹೋಗುತ್ತದೆ ಎಂದು ತಕರಾರು ತೆಗೆದಿದ್ದಾರೆ. ಒಂದು ಬಾಲ್ಕನಿ ಮುಚ್ಚಿದರೆ ಅಂಥದ್ದೇನಾಗುತ್ತದೆ?

ಉತ್ತರ: ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಮಕ್ಕಳು ಬೆಳೆದ ಮನೆಯಲ್ಲಿ ಒಂದು ಹಾಸಿಗೆಯಷ್ಟು ಜಾಗವೂ ದೊಡ್ಡದೇ. ಆದರೂ ತಕರಾರು ತೆಗೆದವರ ಪಕ್ಷವನ್ನೇ ನಾನು ವಹಿಸುತ್ತೇನೆ.

ಕಡಲಿಗೆ ಎದುರಾದ ಮನೆಯ ಬಾಲ್ಕನಿ ಅಲಂಕಾರಕ್ಕೆ ಇಟ್ಟದ್ದಲ್ಲ. ಸಮುದ್ರದ ಕಡೆಯಿಂದಲೇ ತಂಗಾಳಿ, ಅದೇ ಕಡೆಯಿಂದ ಎರಚಲು ಮಳೆ. ದಂಡೆ ಪಡುವಣಕ್ಕೆ ಮುಖಮಾಡಿದ್ದರೆ ಸಂಜೆಯ ಸುಡು ಬಿಸಿಲೂ ಅಲ್ಲಿಂದಲೇ. ಬೇಕಾದದ್ದನ್ನು ಒಳಗೆ ಬಿಟ್ಟುಕೊಂಡು ಬೇಡವಾದದ್ದನ್ನು ಹೊರಗೆ ನಿಲ್ಲಿಸಲು ಮನೆಗೂ ಬಯಲಿಗೂ ನಡುವೆ ನೆರಳಿನ ಒಂದು ಪಟ್ಟಿ ಬೇಕಾಗುತ್ತದೆ. ಹಳೆಯ ಮನೆಗಳ ಜಗುಲಿ ಮಾಡುತ್ತಿದ್ದುದು ಇದೇ ಕೆಲಸ. ಮುಂಬೈಯಲ್ಲಿ 1983ರಲ್ಲಿ ಮುಗಿದ ಕಾಂಚನಜುಂಗಾ ಸಮುಚ್ಚಯವನ್ನು ವಿನ್ಯಾಸ ಮಾಡುವಾಗ ಚಾರ್ಲ್ಸ್ ಕೊರಿಯಾ ಈ ಇಕ್ಕಟ್ಟನ್ನೇ ಎದುರಿಟ್ಟುಕೊಂಡು, ಎರಡು ಅಂತಸ್ತು ಎತ್ತರದ ಆಳವಾದ ಮೂಲೆ ಬಾಲ್ಕನಿಗಳನ್ನು ಮನೆಯ ಒಳಕ್ಕೆ ತಂದರು. ಬಾಲ್ಕನಿಗೆ ಗಾಜು ಹಾಕಿದೊಡನೆ ಬಿಸಿಲು ಒಳಗೆ ಬಂದು ಸಿಕ್ಕಿಕೊಳ್ಳುತ್ತದೆ, ಗಾಳಿ ಹೊರಗೇ ನಿಲ್ಲುತ್ತದೆ, ಹಿಂದಿನ ಕೋಣೆಗಳು ಕತ್ತಲಾಗುತ್ತವೆ. ಆ ಸೆಕೆಗೆ ಏಸಿ, ಏಸಿಯ ಹೊರಪೆಟ್ಟಿಗೆಗೆ ಗೋಡೆಯಲ್ಲಿ ತೂತು, ತೂತಿನ ಮೂಲಕ ಕಂಬಿಗೆ ನೀರು. ಹೆಚ್ಚುವರಿ ಚೌಕಟ್ಟು ಮತ್ತು ಸಾಮಾನುಗಳ ಭಾರವನ್ನು ಹೊರಚಾಚಿದ ಹಳೆಯ ಸ್ಲ್ಯಾಬು ಹೊರಬಲ್ಲದೆಂದು ಲೆಕ್ಕ ಹಾಕಿ ನೋಡಿದವರೂ ವಿರಳ.

ಟೆಲ್ ಅವೀವ್‌ನ ಬಿಳಿಯ ಕಟ್ಟಡಗಳಲ್ಲೂ ಮುಂದಿನ ದಶಕಗಳಲ್ಲಿ ಬಾಲ್ಕನಿಗಳನ್ನು ಹಾಗೆ ಮುಚ್ಚಿಕೊಂಡಿದ್ದರು. ಜೀರ್ಣೋದ್ಧಾರ ಶುರುವಾದಾಗ ಅಲ್ಲಿ ಮಾಡಬೇಕಾದ ಕೆಲಸಗಳಲ್ಲಿ ಅವನ್ನು ತೆರೆಯುವುದೂ ಒಂದಾಯಿತು. ಮಳೆಯ ಎರಚಲಿಗೆ ಬಿದಿರಿನದ್ದೋ ಬಟ್ಟೆಯದ್ದೋ ಸುರುಳಿ ಪರದೆ ಸಾಕಾಗಬಹುದು, ಬೇಕಾದಾಗ ಇಳಿಸಿ ಬೇಡವಾದಾಗ ಎತ್ತಿಡಬಹುದು. ಗೋಡೆಗೆ ಗಾಯ ಮಾಡದೆ ಹಾಕಿ, ಗಾಯ ಮಾಡದೆ ತೆಗೆಯಬಹುದಾದ ಬದಲಾವಣೆಗೆ ಸಂರಕ್ಷಕರು ಸಾಮಾನ್ಯವಾಗಿ ಅಡ್ಡಿ ಮಾಡುವುದಿಲ್ಲ. ಎಲ್ಲ ಮನೆಗಳವರೂ ಕೂಡಿ ಒಂದೇ ಬಗೆಯ ಪರದೆಯನ್ನು ಒಪ್ಪಿಕೊಂಡರೆ ತಕರಾರಿಗೂ ಜಾಗವಿರದು.

ಪ್ರಶ್ನೆ: ಕಟ್ಟಡವನ್ನು ಪಾರಂಪರಿಕ ಪಟ್ಟಿಗೆ ಸೇರಿಸಿದರೆ ಮುಂದೆ ಒಂದು ಮೊಳೆ ಹೊಡೆಯಲೂ ಅನುಮತಿ ಬೇಕೆಂದು ಕೇಳಿದ್ದೇನೆ. ಮನೆ ಮಾರಲೂ ಆಗುವುದಿಲ್ಲವಂತೆ.

ಉತ್ತರ: ಪಟ್ಟಿ ಎಂಬ ಒಂದೇ ಹೆಸರಿನಡಿಯಲ್ಲಿ ಬೇರೆಬೇರೆ ಬಲದ ಕಾನೂನುಗಳಿವೆ. ಅಮೆರಿಕದ ರಾಷ್ಟ್ರೀಯ ಪಟ್ಟಿಗೆ ಸೇರಿದ ಮಾತ್ರಕ್ಕೆ, ಖಾಸಗಿ ಒಡೆಯ ತನ್ನದೇ ಹಣದಿಂದ ಮಾಡುವ ಬದಲಾವಣೆಗೆ ತಡೆ ಬೀಳುವುದಿಲ್ಲ. ಅಲ್ಲಿ ತಡೆಯುವ ಬಲವಿರುವುದು ಸ್ಥಳೀಯ ಆಡಳಿತದ ನಿಯಮಗಳಿಗೆ. ಇಂಗ್ಲೆಂಡಿನಲ್ಲಾದರೆ ಪಟ್ಟಿಗೆ ಸೇರಿದ ಕಟ್ಟಡದ ವಿಶಿಷ್ಟತೆಗೆ ಧಕ್ಕೆ ತರುವ ಕೆಲಸವನ್ನು ಅನುಮತಿಯಿಲ್ಲದೆ ಮಾಡುವುದು ಅಪರಾಧ. ಆದ್ದರಿಂದ ‘ಪಟ್ಟಿಗೆ ಸೇರಿಸುತ್ತಾರೆ’ ಎಂಬ ಸುದ್ದಿ ಬಂದಾಗ ಕೇಳಬೇಕಾದದ್ದು ಇಷ್ಟು: ಯಾವ ಪಟ್ಟಿ, ಯಾವ ದರ್ಜೆ, ಹೊರಮೈ ಮಾತ್ರವೋ ಒಳಾಂಗಣವೂ ಸೇರಿದೆಯೋ, ಸಾಮಾನ್ಯ ದುರಸ್ತಿಗೆ ವಿನಾಯಿತಿ ಇದೆಯೋ ಇಲ್ಲವೋ. ಪಟ್ಟಿಗೆ ಸೇರಿದ ಮನೆಗಳನ್ನು ಮಾರುವುದೂ ಕೊಳ್ಳುವುದೂ ಈ ದೇಶಗಳಲ್ಲಿ ನಡೆದೇ ಇದೆ. ಕಟ್ಟಡವನ್ನು ಎತ್ತರಿಸಲಾಗದ ಒಡೆಯರಿಗೆ ಪ್ರತಿಯಾಗಿ, ಹೆಚ್ಚು ಕಟ್ಟುವ ಆ ಹಕ್ಕನ್ನು ಬೇರೆಡೆಗೆ ವರ್ಗಾಯಿಸಿ ಮಾರಿಕೊಳ್ಳಲು ಅವಕಾಶ ಕೊಟ್ಟಿರುವ ನಗರಗಳೂ ಇವೆ. ಮುಂಬೈ ಅವುಗಳಲ್ಲೊಂದು, ಟೆಲ್ ಅವೀವ್ ಇನ್ನೊಂದು. ಪರಿಹಾರವಿಲ್ಲದೆ ನಿರ್ಬಂಧವನ್ನಷ್ಟೇ ಹೇರಿದರೆ ನಿವಾಸಿಗಳು ಸಂರಕ್ಷಣೆಯನ್ನೇ ಶತ್ರುವೆಂದು ನೋಡತೊಡಗುತ್ತಾರೆ, ಅವರನ್ನು ದೂರಲಾಗದು.

ಪ್ರಶ್ನೆ: ಮೂಲದಲ್ಲಿ ನಮ್ಮ ಕಟ್ಟಡ ಯಾವ ಬಣ್ಣದ್ದಾಗಿತ್ತೆಂದು ಹೇಗೆ ತಿಳಿಯುವುದು? ಹಳೆಯ ಫೋಟೊಗಳೆಲ್ಲ ಕಪ್ಪು ಬಿಳುಪಿನವು.

ಉತ್ತರ: ಮಳೆ ಬಿಸಿಲು ತಾಗದ ಮೂಲೆಯಲ್ಲಿ, ಸಜ್ಜದ ಅಡಿಯಲ್ಲೋ ಹಳೆಯ ಫಲಕದ ಹಿಂದೆಯೋ, ನಾಣ್ಯದಷ್ಟು ಜಾಗವನ್ನು ನಾಜೂಕಾಗಿ ಹೆರೆದರೆ ಬಣ್ಣದ ಪದರಗಳು ಒಂದರ ಕೆಳಗೊಂದು ಕಾಣುತ್ತವೆ. ಗಿಲಾವಿಗೆ ತಾಗಿ ಇರುವುದೇ ಮೊದಲನೆಯದು. ಕೆಲವು ಕಟ್ಟಡಗಳಲ್ಲಿ ಬಣ್ಣವನ್ನೇ ಬಳಿದಿರುವುದಿಲ್ಲ, ಗಾರೆಯಲ್ಲೇ ಬಣ್ಣ ಬೆರೆತಿರುತ್ತದೆ. ಅಂಥದ್ದಾದರೆ ಮೇಲೆ ಏನನ್ನೂ ಬಳಿಯದೆ ತೊಳೆದು ಬಿಡುವುದು ಲೇಸು. ಅಮೆರಿಕದ ಮಯಾಮಿ ಬೀಚಿನ ಆರ್ಟ್ ಡೆಕೊ ಕಟ್ಟಡಗಳೆಂದರೆ ಎಲ್ಲರಿಗೂ ನೆನಪಾಗುವ ತಿಳಿಗುಲಾಬಿ, ತಿಳಿನೀಲಿ ಬಣ್ಣಗಳು ಬಹುಮಟ್ಟಿಗೆ 1980ರ ದಶಕದಲ್ಲಿ ವಿನ್ಯಾಸಕ ಲೆನರ್ಡ್ ಹೊರೊವಿಟ್ಜ್ ರೂಪಿಸಿದ ಬಣ್ಣಗಳ ಪಟ್ಟಿಯಿಂದ ಬಂದವು. ಮೂಲದಲ್ಲಿ ಅವುಗಳಲ್ಲಿ ಹೆಚ್ಚಿನವು ಬಿಳಿಯ ಗೋಡೆಯ ಮೇಲೆ ಅಂಚಿಗಷ್ಟೇ ಬಣ್ಣವಿದ್ದ ಕಟ್ಟಡಗಳು. ನೆನಪಿನಲ್ಲಿರುವ ಬಣ್ಣವೂ ಮೊದಲ ಬಣ್ಣವೂ ಒಂದೇ ಆಗಿರಬೇಕೆಂದಿಲ್ಲವಾದ್ದರಿಂದ, ಹಿರಿಯರ ಮಾತಿನ ಜೊತೆಗೆ ಆ ನಾಣ್ಯದಗಲದ ಸಾಕ್ಷ್ಯವನ್ನೂ ಇಟ್ಟುಕೊಳ್ಳಿ.

ಪ್ರಶ್ನೆ: ಪರೀಕ್ಷೆ ಮಾಡಿಸಿದೆವು. ಕಂಬಗಳಿಗೇ ಹಾನಿಯಾಗಿದೆ, ದುರಸ್ತಿಯ ವೆಚ್ಚ ಭರಿಸುವ ಶಕ್ತಿ ನಮಗಿಲ್ಲ. ಎರಡನೆಯ ಎಂಜಿನಿಯರರೂ ಅದನ್ನೇ ಹೇಳಿದರು. ಕಟ್ಟಡ ಮುಂದಿನ ವರ್ಷ ಇರುವುದಿಲ್ಲ. ನನ್ನ ತಾಯಿ ಇಲ್ಲಿಗೆ ಮದುವೆಯಾಗಿ ಬಂದವರು, ಈಗ ಎಂಬತ್ತು ದಾಟಿದ್ದಾರೆ. ಇನ್ನು ಮಾಡುವುದೇನಾದರೂ ಉಳಿದಿದೆಯೇ?

ಉತ್ತರ: ಉಳಿದಿದೆ, ಮತ್ತು ಅದಕ್ಕೆ ಸಮಯ ಕಡಿಮೆಯಿದೆ. ನೀವು ಕೈಲಾದದ್ದನ್ನು ಮಾಡಿ ನೋಡಿದ್ದೀರಿ. ಕಟ್ಟಡ ಹೋಗುತ್ತಿರುವುದಕ್ಕೆ ನಿಮ್ಮನ್ನು ನೀವು ದೂರಿಕೊಳ್ಳಬೇಡಿ.

ಮೊದಲು ಅಳತೆ ತೆಗೆಸಿ. ಹತ್ತಿರದಲ್ಲಿ ವಾಸ್ತುಶಿಲ್ಪ ಕಲಿಸುವ ಕಾಲೇಜಿದ್ದರೆ ವಿದ್ಯಾರ್ಥಿಗಳು ಪ್ರತಿ ಅಂತಸ್ತಿನ ನಕ್ಷೆ, ಮುಂಭಾಗ, ಅಡ್ಡಕೊಯ್ತದ ಚಿತ್ರ, ಕೈಹಿಡಿಕೆ, ಜಾಲಂಧ್ರಗಳ ಪೂರ್ಣ ಗಾತ್ರದ ಚಿತ್ರಗಳನ್ನು ಬರೆದುಕೊಡಬಲ್ಲರು. ಅವರ ಪಾಲಿಗೆ ಅದು ಒಳ್ಳೆಯ ಪಾಠವೂ ಹೌದು. ಮೂಲ ನಕ್ಷೆಗಳಿಗಾಗಿ ಸ್ಥಳೀಯ ಆಡಳಿತದ ಕಟ್ಟಡ ಪರವಾನಗಿಯ ಹಳೆಯ ಕಡತಗಳಲ್ಲೂ, ಮೊದಲ ಒಡೆಯರ ಮನೆತನದ ಟ್ರಂಕುಗಳಲ್ಲೂ ಹುಡುಕಿ. ಫೋಟೊಗಳನ್ನು ಖಾಲಿ ಮಾಡಿದ ಮೇಲೆ ತೆಗೆಯಬೇಡಿ. ಸಾಮಾನುಗಳಿದ್ದಂತೆ, ಬಟ್ಟೆ ಒಣಗುತ್ತಿದ್ದಂತೆ, ಬಾಲ್ಕನಿಯಲ್ಲಿ ಯಾರಾದರೂ ಕೂತಿದ್ದಂತೆಯೇ ಈಗಲೇ ತೆಗೆಯಿರಿ.

ನಿಮ್ಮ ತಾಯಿಯವರನ್ನು ಕೋಣೆಯಿಂದ ಕೋಣೆಗೆ ಕರೆದೊಯ್ದು ಮಾತನಾಡಿಸಿ, ಧ್ವನಿಮುದ್ರಣ ಮಾಡಿಕೊಳ್ಳಿ. ಕುರ್ಚಿಯಲ್ಲಿ ಕೂರಿಸಿ ಕೇಳಿದರೆ ಬಾರದ ನೆನಪು, ಕಿಟಕಿಯ ಚಿಲಕಕ್ಕೆ ಕೈಯಿಟ್ಟಾಗ ಬರುತ್ತದೆ. ಮೊದಲ ಬಾರಿ ಲಿಫ್ಟು ಕೆಟ್ಟದ್ದು ಯಾವಾಗ, ನೀರು ಬಾರದ ದಿನ ಯಾರ ಮನೆಯಿಂದ ತರುತ್ತಿದ್ದರು, ಸಂಜೆ ತಾರಸಿಯಲ್ಲಿ ಯಾರ ಮಕ್ಕಳು ಆಡುತ್ತಿದ್ದರು, ಬಿರುಗಾಳಿಯ ರಾತ್ರಿ ಸಮುದ್ರದ ಕಡೆಯ ಕೋಣೆಯಲ್ಲಿ ಮಲಗುತ್ತಿದ್ದರೇ, ಇಂಥವನ್ನು ಕೇಳಿ. ಬೇರೆ ಮನೆಗಳ ಹಿರಿಯರನ್ನೂ ಸೇರಿಸಿಕೊಳ್ಳಿ.

ಗಾರೆಯಲ್ಲಿ ಬರೆದ ಹೆಸರಿನ ಅಕ್ಷರಗಳನ್ನು ಕತ್ತರಿಸಿ ತೆಗೆಯಲಾಗದಿದ್ದರೆ ಅಚ್ಚು ತೆಗೆಸಿಕೊಳ್ಳಿ. ಒಂದು ಬಾಗಿಲು, ಒಂದು ಜಾಲಂಧ್ರ, ಮೊಸಾಯಿಕ್‌ನ ಒಂದು ತುಂಡನ್ನಾದರೂ ಕೆಡವುವವರ ಜೊತೆಗಿನ ಕರಾರಿನಲ್ಲೇ ಬರೆಸಿ ಉಳಿಸಿಕೊಳ್ಳಿ. ಬಾಯಿಮಾತಿನ ಭರವಸೆ ಯಂತ್ರ ಬಂದ ದಿನ ಯಾರಿಗೂ ನೆನಪಿರುವುದಿಲ್ಲ. ನಕ್ಷೆ, ಫೋಟೊ, ಧ್ವನಿಮುದ್ರಣಗಳ ಒಂದು ಪ್ರತಿಯನ್ನು ಆ ಕಾಲೇಜಿನ ಗ್ರಂಥಾಲಯಕ್ಕೂ ಇನ್ನೊಂದನ್ನು ಸಾರ್ವಜನಿಕ ಗ್ರಂಥಾಲಯಕ್ಕೂ ಕೊಟ್ಟು, ಯಾವುದು ಎಲ್ಲಿದೆ ಎಂಬ ಚೀಟಿಯನ್ನು ಹದಿನಾರೋ ಇಪ್ಪತ್ತೋ, ನಿಮ್ಮಲ್ಲಿ ಎಷ್ಟು ಮನೆಗಳಿವೆಯೋ ಅಷ್ಟೂ ಮನೆಗಳವರಿಗೆ ಹಂಚಿ.